ಸುತ್ತಿಗೆಯವರ ಗೋಡೆ

ನಮ್ಮ ಬೀದಿಯ ಗೋಡೆಗಳಿಗೆ ಚಿತ್ರ ಬರೆಸುತ್ತೇವೆ, ಒಂಬತ್ತು ದಿನದ ಉತ್ಸವ ಮಾಡುತ್ತೇವೆ ಎಂದು ಉತ್ಸವ ಸಮಿತಿಯಿಂದ ಕಾಗದ ಬಂದಾಗ ನಾನು ಚಿತ್ರದ ಬಗ್ಗೆ ಯೋಚಿಸಲೇ ಇಲ್ಲ. ಬಣ್ಣ ಬಳಿಯುವವರನ್ನು ಬುಟ್ಟಿಯಲ್ಲಿ ಮೇಲೇರಿಸುವ ಲಿಫ್ಟ್ ಗಾಡಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿಬಿಟ್ಟರೆ ಮಧ್ಯಾಹ್ನ ಊಟಕ್ಕೆ ಬರುವ ವೆಲ್ಡರುಗಳು ಎಲ್ಲಿ ಕೂರಬೇಕು ಎನ್ನುವುದೇ ನನ್ನ ಚಿಂತೆಯಾಗಿತ್ತು. ನನ್ನದು ನೂಡಲ್ಸ್ ಅಂಗಡಿ. ಒಣ ನೆತ್ತಲಿ ಮೀನು ಕುದಿಸಿದ ಸಾರು, ಅದರಲ್ಲಿ ಬಿಳಿ ಎಳೆ, ಪಕ್ಕಕ್ಕೆ ಕೋಸಿನ ಹುಳಿ ಉಪ್ಪಿನಕಾಯಿ ಕಿಮ್ಚಿ. ಒಳಗೆ ನಾಲ್ಕು ಮೇಜು, ಹೊರಗೆ ಎರಡು ಬೆಂಚು. ಮದುವೆಯಾಗಿ ಈ ಯೊಂಗ್‌ದೋ ದ್ವೀಪಕ್ಕೆ ಬಂದಾಗಿನಿಂದ ಇಲ್ಲೇ ಇದ್ದೇನೆ. ಒಂದು ಕಡೆ ಹಡಗು ರಿಪೇರಿಯ ಅಂಗಳಗಳು, ಇನ್ನೊಂದು ಕಡೆ ಸೇತುವೆ, ಸೇತುವೆಯಾಚೆ ನಮ್ಮ ಕೊರಿಯಾದ ದೊಡ್ಡ ಬಂದರು ಬೂಸಾನ್ ಪೇಟೆ.

ನಾನು ಹೆದರಿದಂತೆಯೇ ಆಯಿತು. ಅಕ್ಟೋಬರಿನ ಮೊದಲ ಶನಿವಾರ ಬೆಳಿಗ್ಗೆ ಹಳದಿ ಲಿಫ್ಟ್ ಗಾಡಿಯೊಂದು ಬಂದು ನನ್ನ ಬೆಂಚಿಗೆ ಮೂಗು ತಾಗಿಸಿ ನಿಂತಿತು. ಎದುರಿಗಿರುವ ನಾಲ್ಕು ಮಹಡಿಯ ಹಳೇ ಉಗ್ರಾಣದ ಪಕ್ಕದ ಗೋಡೆಯನ್ನು ತಾಕ್ ಬಿನ್ನಾ ಎಂಬ ಹುಡುಗಿಗೆ ಕೊಟ್ಟಿದ್ದರು. ಹುಡುಗಿ ಎಂದರೆ ಮೂವತ್ತು ದಾಟಿದವಳೇ. ಜೊಂಜು ಊರಿನವಳು. ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡು, ಮೊಣಕಾಲಿನ ಹತ್ತಿರ ಬಣ್ಣ ಗಟ್ಟಿಯಾಗಿ ಹೋಗಿದ್ದ ಪ್ಯಾಂಟ್ ಹಾಕಿಕೊಂಡಿದ್ದಳು. ಒಳಗೆ ಬಂದು ಬಗ್ಗಿ ನಮಸ್ಕಾರ ಮಾಡಿ, "ಒಂಬತ್ತು ದಿನ ತೊಂದರೆ ಕೊಡ್ತೀನಿ ಅಮ್ಮ, ದಯವಿಟ್ಟು ಸಹಿಸ್ಕೊಳ್ಳಿ" ಎಂದು ಒಂದು ಪೆಟ್ಟಿಗೆ ಮರಸೇಬು ಹಣ್ಣು ಕೊಟ್ಟಳು. ಇನ್ನು ನಾನೇನು ಹೇಳಲಿ? ಬೆಂಚನ್ನು ಆ ಕಡೆ ಸರಿಸಿದೆ.

ಅವಳ ಗೋಡೆಯ ಪಕ್ಕದಲ್ಲಿ ಒಂದು ಫಲಕ ನಿಲ್ಲಿಸಿದ್ದರು. ಮುಂದೆ ಬರಲಿರುವ ಚಿತ್ರದ ಸಣ್ಣ ನಮೂನೆ ಅದರಲ್ಲಿತ್ತು. ಗೋಡೆಯ ಬುಡದಿಂದ ತುದಿಯವರೆಗೆ ಒಬ್ಬ ಮುದುಕಿಯ ಮುಖ, ನೇಗಿಲು ಹೊಡೆದಂತೆ ಸುಕ್ಕುಗಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅದು ನಮ್ಮ ಗಿಲ್ರೆ ಅಜ್ಜಿಯ ಮುಖ.

ಗಿಲ್ರೆ ಅಜ್ಜಿ ದಿನಾ ಹನ್ನೊಂದೂವರೆಗೆ ನನ್ನ ಅಂಗಡಿಗೆ ಬರುತ್ತಾಳೆ. ಎಪ್ಪತ್ತಾರು ವರ್ಷ. ಎರಡು ಕಿವಿಯೂ ಮಂದ. ಮೂವತ್ತೊಂದು ವರ್ಷ ಅವಳು ಕಾಂಗ್‌ಕಾಂಗಿಯಾಗಿದ್ದವಳು. ಹಡಗನ್ನು ದಡಕ್ಕೆ ಎಳೆದ ಮೇಲೆ, ಹೊಸ ಬಣ್ಣ ಹಚ್ಚುವ ಮೊದಲು, ಹಳೆಯ ಬಣ್ಣ, ತುಕ್ಕು, ಅಂಟಿಕೊಂಡ ಚಿಪ್ಪು ಎಲ್ಲವನ್ನೂ ಕಿತ್ತು ತೆಗೆಯಬೇಕು. ಈಗ ಅದನ್ನು ಯಂತ್ರಗಳು ಮಾಡುತ್ತವೆ, ಆಗ ನಮ್ಮ ಬೀದಿಯ ಹೆಂಗಸರು ಮಾಡುತ್ತಿದ್ದರು. ಎರಡು ಹಗ್ಗದಲ್ಲಿ ಒಂದು ಹಲಗೆ ಇಳಿಬಿಟ್ಟು, ಅದರ ಮೇಲೆ ಸಾಲಾಗಿ ಕೂತು, ಸಣ್ಣ ಸುತ್ತಿಗೆಯಿಂದ ಕಬ್ಬಿಣದ ಮೈಯನ್ನು ಬೆಳಗಿನಿಂದ ಸಂಜೆಯವರೆಗೆ ಬಡಿಯುವ ಕೆಲಸ. ಕಾಂಗ್ ಕಾಂಗ್ ಎಂಬ ಆ ಸದ್ದು ಸೇತುವೆಯಾಚೆಗೂ ಕೇಳುತ್ತಿತ್ತು. ಅದೇ ಅವರ ಹೆಸರಾಯಿತು.

ಆ ದಿನ ಗಿಲ್ರೆ ಅಜ್ಜಿ ಬಂದು ಕೂತಾಗ ಬಿನ್ನಾ ಲಿಫ್ಟಿನ ಬುಟ್ಟಿಯಲ್ಲಿ ನಿಂತು ಗೋಡೆಗೆ ರೋಲರಿನಿಂದ ಬಿಳಿ ಪ್ರೈಮರ್ ಹೊಡೆಯುತ್ತಿದ್ದಳು. ಅಜ್ಜಿ ಎರಡು ತುತ್ತು ತಿಂದಳು, ಊಟದ ಕಡ್ಡಿ ಕೆಳಗಿಟ್ಟಳು, ಎದ್ದು ಬೀದಿ ದಾಟಿದಳು. ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟಳು. ಉಗುರಿನಿಂದ ಕೆರೆದಳು. ಆಮೇಲೆ ಕೈಯಲ್ಲೇ ಉಳಿದಿದ್ದ ನನ್ನ ಅಂಗಡಿಯ ಚಮಚದಿಂದ ಅಲ್ಲೊಂದು ಇಲ್ಲೊಂದು ಏಟು ಕೊಟ್ಟಳು.

"ಏಯ್ ಹುಡುಗಿ," ಎಂದು ಮೇಲಕ್ಕೆ ಕೂಗಿದಳು. "ಕೆಳಗಿಳಿ."

ಕಿವಿ ಕೇಳದವರ ಗಂಟಲು ದೊಡ್ಡದು. ಜಗಳವೇನೋ ಎಂದು ಹೆದರಿದ ಬಿನ್ನಾ ಬುಟ್ಟಿ ಇಳಿಸಿಕೊಂಡು ಬಂದಳು.

"ಈ ಗೋಡೆ ಟೊಳ್ಳು ಸದ್ದು ಮಾಡ್ತಿದೆ. ಹಳೇ ಬಣ್ಣ ಹಕ್ಕಳೆ ಎದ್ದಿದೆ, ಒಳಗಡೆ ಉಪ್ಪು ಕೂತಿದೆ. ಇದರ ಮೇಲೆ ನೀನು ಏನೇ ಬಳಿದ್ರೂ ಬರೋ ವರ್ಷ ನೆಲದಿಂದ ಗುಡಿಸ್ಕೊಬೇಕು."

"ಅಜ್ಜಿ, ನೀರು ಹೊಡೆದು ತೊಳೆದಿದಾರೆ. ಪರೀಕ್ಷೆ ಮಾಡಿ ಸರಿ ಇದೆ ಅಂದಿದಾರೆ."

"ಯಾರು ಅಂದಿದ್ದು? ಕಣ್ಣಲ್ಲಿ ನೋಡಿ ಅಂದ್ರಾ, ಕೈಯಲ್ಲಿ ಮುಟ್ಟಿ ಅಂದ್ರಾ?"

ಅಷ್ಟರಲ್ಲಿ ಉತ್ಸವದ ವ್ಯವಸ್ಥಾಪಕ ಮಾ ಚಾಂಗ್‌ಮೊ ಬಂದ. ಕೊರಳಲ್ಲಿ ಮೂರು ಗುರುತಿನ ಚೀಟಿ ನೇತುಹಾಕಿಕೊಂಡು, ಕಂಕುಳಲ್ಲಿ ಕಾಗದ ಸಿಕ್ಕಿಸಿದ ಹಲಗೆ ಇಟ್ಟುಕೊಂಡು ಓಡಾಡುತ್ತಿದ್ದವನು. ಎಂಟು ಗೋಡೆ, ಎಂಟು ಜನ ಕಲಾವಿದರು, ಎಲ್ಲ ಅವನ ತಲೆಯ ಮೇಲೆ. "ಅಜ್ಜಿ, ಗೋಡೆ ಚೆನ್ನಾಗಿದೆ, ನೀವು ಊಟ ಮಾಡಿ, ಸಾರು ಆರಿಹೋಗುತ್ತೆ" ಎಂದು ನಯವಾಗಿ ಅವಳ ಮೊಣಕೈ ಹಿಡಿದು ನನ್ನ ಅಂಗಡಿಗೆ ತಂದು ಬಿಟ್ಟ. ಅಜ್ಜಿ ಊಟ ಮುಗಿಸಿದಳು. ಹೋಗುವಾಗ ನನಗೆ, "ಸೊಂಗ್‌ಜಾ, ಆ ಹುಡುಗಿಗೆ ಹೊಟ್ಟೆ ತುಂಬ ಹಾಕು. ನಾಳೆ ಅಳ್ತಾಳೆ" ಎಂದಳು.

ಗೋಡೆಯ ವಿಷಯದಲ್ಲಿ ಅವಳು ಹೇಳಿದ್ದೇ ಸರಿಯಾಯಿತು. ಭಾನುವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಬಿನ್ನಾ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಒಣಗಿದ ಪ್ರೈಮರ್ ತನ್ನ ಜೊತೆಗೆ ಹಳೆಯ ಬಣ್ಣವನ್ನೂ ಎಳೆದುಕೊಂಡು ಚಾಪೆಯಗಲ ಬಿದ್ದುಹೋಗಿತ್ತು. ಇನ್ನೊಂದು ಕಡೆ ಹಪ್ಪಳದಂತೆ ಉಬ್ಬಿಕೊಂಡು ಬೀಳಲು ಕಾಯುತ್ತಿತ್ತು. ಅವಳು ಅಳುತ್ತಿರಲಿಲ್ಲ. ಕೈಯಲ್ಲಿ ಒಂದು ಚೂರು ಹಿಡಿದು ಅದರ ಹಿಂಬದಿಯ ಬಿಳಿ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು.

"ಉಪ್ಪೇ," ಎಂದಳು ನನ್ನನ್ನು ನೋಡಿ.

ಅವಳಿಗೆ ಬಾರ್ಲಿ ಚಹಾ ಕೊಟ್ಟು ಕೂರಿಸಿದೆ. ಒಂಬತ್ತು ಗಂಟೆಗೆ ಗಿಲ್ರೆ ಅಜ್ಜಿ ಬಂದಳು. ಒಬ್ಬಳೇ ಬರಲಿಲ್ಲ. ಜೊತೆಗೆ ಎಪ್ಪತ್ತೊಂಬತ್ತರ ಮಾಕ್ದಾಲ್ ಅಜ್ಜಿ, ಹಿಂದಿನ ಓಣಿಯ ಅಕ್ಕತಂಗಿಯರಿಬ್ಬರು. ನಾಲ್ವರೂ ಅಗಲ ಅಂಚಿನ ಟೋಪಿ ಹಾಕಿ, ತಲೆಗೆ ಟವೆಲ್ ಸುತ್ತಿ, ತೋಳಿಗೆ ಹೂವಿನ ಚಿತ್ರದ ತೋಳುಗವಸು ಎಳೆದುಕೊಂಡಿದ್ದರು. ಸೊಪ್ಪು ತರುವ ಚಕ್ರದ ಚೀಲವನ್ನು ಗಿಲ್ರೆ ಅಜ್ಜಿ ಬಿನ್ನಾಳ ಮುಂದೆ ತೆರೆದಳು. ಒಳಗೆ ಹಿಡಿ ಸವೆದ ಸುತ್ತಿಗೆಗಳು. ಎರಡೂ ತುದಿ ಉಳಿಯಂತೆ ಚಪ್ಪಟೆ, ಒಂದು ಅಡ್ಡ, ಒಂದು ಉದ್ದ.

"ಎಲ್ಲಾ ಕೆರೆದು ಹಾಕ್ಬೇಕು," ಎಂದಳು ಗಿಲ್ರೆ ಅಜ್ಜಿ. "ಆಮೇಲೆ ಸಿಹಿನೀರಲ್ಲಿ ತೊಳೀಬೇಕು. ಒಂದು ರಾತ್ರಿ ಗಾಳಿಗೆ ಒಣಗಬೇಕು. ಆಮೇಲೆ ಬರಿ ನಿನ್ನ ಚಿತ್ರ. ಮೂವತ್ತು ವರ್ಷ ಅಲ್ಲಾಡಲ್ಲ."

ಮಾ ಚಾಂಗ್‌ಮೊ ಓಡಿ ಬಂದ. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು. "ಅಜ್ಜಿ, ಸಾಧ್ಯವೇ ಇಲ್ಲ. ಏನಾದ್ರೂ ಆದ್ರೆ ನನ್ನ ಕೆಲಸ ಹೋಗುತ್ತೆ. ವಿಮೆ ಇಲ್ಲ."

"ನಾವು ನಾಲ್ಕು ಮಹಡಿ ಎತ್ತರದಲ್ಲಿ ಹಲಗೆ ಮೇಲೆ ಕೂತಾಗ ಯಾರೂ ವಿಮೆ ಕೇಳ್ಲಿಲ್ಲ ಕಣಪ್ಪ," ಎಂದಳು ಮಾಕ್ದಾಲ್ ಅಜ್ಜಿ. "ನಿನ್ನ ಆ ಹಳದಿ ಬುಟ್ಟಿಗೆ ಕಂಬಿ ಬೇರೆ ಇದೆ. ಅದು ಬುಟ್ಟಿ ಅಲ್ಲ, ತೊಟ್ಟಿಲು."

ಅವನು ಕಾಗದ ತಿರುವಿದ. ಪಾಪ, ಒಳ್ಳೆಯವನೇ, ಬರೀ ಹೆದರುಪುಕ್ಕಲ. ಉತ್ಸವದ ಪಟ್ಟಿಯಲ್ಲಿ 'ಸ್ಥಳೀಯರ ಭಾಗವಹಿಸುವಿಕೆ' ಎಂದು ಒಂದು ಸಾಲಿತ್ತು. ಅದರಡಿ ಯಾರೂ ಹೆಸರು ಕೊಟ್ಟಿರಲಿಲ್ಲ. ಆ ಸಾಲಿನಲ್ಲಿ ಸೇರಿದವರಿಗೆ ವಿಮೆಯಿತ್ತು. ಅವನ ಬೆರಳು ಅಲ್ಲಿ ನಿಂತಿತು.

"ನಿಮ್ಮ ವಯಸ್ಸೆಷ್ಟು ಅಜ್ಜಿ?"

"ಎಪ್ಪತ್ತಾರು," ಎಂದಳು ಗಿಲ್ರೆ ಅಜ್ಜಿ.

"ಎಪ್ಪತ್ತೈದರವರೆಗೆ ಮಾತ್ರ."

"ಕಾಗದದಲ್ಲಿ ಅವಳಿಗೆ ಎಪ್ಪತ್ನಾಲ್ಕು," ಎಂದಳು ಮಾಕ್ದಾಲ್ ಅಜ್ಜಿ. "ಅವರಪ್ಪ ಎರಡು ವರ್ಷ ತಡವಾಗಿ ಹೆಸರು ಬರೆಸಿದ. ಕೂಸು ಉಳಿಯುತ್ತೋ ಇಲ್ವೋ ನೋಡೋಣ ಅಂತ."

ಗಿಲ್ರೆ ಅಜ್ಜಿ ಸೊಂಟದ ಚೀಲದಿಂದ ಗುರುತಿನ ಚೀಟಿ ತೆಗೆದು ಅವನ ಹಲಗೆಯ ಮೇಲೆ ಇಟ್ಟಳು. "ಉಳಿದಿದೀನಿ, ನೋಡು."

ಹೀಗೆ ಗಿಲ್ರೆ ಅಜ್ಜಿಗೂ, ಎಪ್ಪತ್ತಕ್ಕೆ ಅತ್ತಿತ್ತ ಇದ್ದ ಅಕ್ಕತಂಗಿಯರಿಗೂ ಹೆಲ್ಮೆಟ್ಟು, ಬೆಲ್ಟು ಸಿಕ್ಕಿತು. ಕಾಗದದಲ್ಲೂ ಎಪ್ಪತ್ತೊಂಬತ್ತೇ ಆಗಿದ್ದ ಮಾಕ್ದಾಲ್ ಅಜ್ಜಿಗೆ ನಾನು ಕುರ್ಚಿ ಹಾಕಿದೆ. ಅವಳು ಬೀದಿಯ ನಡುವೆ ಕೂತು ಮೂರು ದಿನ ಎಲ್ಲರನ್ನೂ ಬೈದಳು.

ಮೊದಲ ಏಟು ಬಿದ್ದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಗೋಡೆಯ ಸದ್ದು ಕಬ್ಬಿಣದ ಸದ್ದಲ್ಲ, ಸ್ವಲ್ಪ ಮೊಂಡು. ಆದರೂ ಮೂರು ಸುತ್ತಿಗೆ ಒಂದರ ಹಿಂದೊಂದು ಬೀಳುವ ಆ ಲಯ ಅದೇ. ನನ್ನ ಕೈ ನಿಂತುಬಿಟ್ಟಿತು. ಹದಿನೈದು ವರ್ಷದಿಂದ ಆ ಸದ್ದು ಬೀದಿಯಲ್ಲಿ ಕೇಳಿರಲಿಲ್ಲ. ಲೇತ್ ಅಂಗಡಿಯವರು, ಹಗ್ಗದ ಅಂಗಡಿಯವರು, ಪ್ರೊಪೆಲ್ಲರ್ ಉಜ್ಜುವವರು ಒಬ್ಬೊಬ್ಬರಾಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಲೇತ್ ಅಂಗಡಿಯ ಮುದುಕ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಬಿನ್ನಾಗೂ ಒಂದು ಸುತ್ತಿಗೆ ಕೊಟ್ಟರು. ಹತ್ತು ನಿಮಿಷದಲ್ಲಿ ಅವಳ ಮಣಿಕಟ್ಟು ಸೋತಿತು.

"ಹೊಡೀಬೇಡ, ಬಿಡು," ಎಂದಳು ಗಿಲ್ರೆ ಅಜ್ಜಿ ಬುಟ್ಟಿಯಲ್ಲಿ ಅವಳ ಪಕ್ಕ ನಿಂತು. "ಸುತ್ತಿಗೆಗೆ ತೂಕ ಇದೆ. ಅದರ ಕೆಲಸ ಅದು ಮಾಡ್ಲಿ. ನೀನು ಎತ್ತು, ಬಿಡು. ಎತ್ತು, ಬಿಡು."

"ನೀವು ದಿನಕ್ಕೆ ಎಷ್ಟು ಹೊತ್ತು ಮಾಡ್ತಿದ್ರಿ?"

"ಏನು?"

"ದಿನಕ್ಕೆ ಎಷ್ಟು ಹೊತ್ತು."

"ಹಗಲು ಎಷ್ಟು ಹೊತ್ತೋ ಅಷ್ಟು ಹೊತ್ತು."

ಬೇರೆ ಗೋಡೆಗಳನ್ನು ನೋಡಲು ಬಂದ ಜನ ಈ ಗೋಡೆಯ ಮುಂದೆ ನಿಲ್ಲತೊಡಗಿದರು. ಇಲ್ಲಿ ಇನ್ನೂ ಚಿತ್ರವೇ ಇಲ್ಲ, ಇರುವುದನ್ನೂ ಕೆರೆದು ಹಾಕುತ್ತಿದ್ದಾರೆ, ಆದರೂ ನಿಲ್ಲುತ್ತಿದ್ದರು. ನನ್ನ ಸಾರು ಎರಡು ಗಂಟೆಗೇ ಖಾಲಿ. ವೆಲ್ಡರುಗಳು ನಿಂತೇ ಉಂಡರು.

ಸೋಮವಾರ ಮಧ್ಯಾಹ್ನ ನಾಲ್ವರು ಅಜ್ಜಿಯರೂ ಬಿನ್ನಾಳೂ ನನ್ನ ಬೆಂಚಿನ ಮೇಲೆ ಕೂತು ಊಟ ಮಾಡುತ್ತಿದ್ದರು. ಮೈತುಂಬ ಬಣ್ಣದ ಪುಡಿ. ಗಿಲ್ರೆ ಅಜ್ಜಿ ಬಟ್ಟಲೆತ್ತಿ ಸಾರು ಕುಡಿದು, ಮೊದಲ ಸಲ ಆ ಫಲಕವನ್ನು ನೆಟ್ಟಗೆ ನೋಡಿದಳು.

"ಅದ್ಯಾರು?"

ಬಿನ್ನಾ ನಕ್ಕಳು. "ನೀವೇ ಅಜ್ಜಿ. ಏಪ್ರಿಲಲ್ಲಿ ಹಿರಿಯರು ಹಗಲು ಸೇರೋ ಮನೆಗೆ ಬಂದು ಫೋಟೋ ತೆಗೆದಿದ್ನಲ್ಲ, ನೀವು ಸಹಿ ಹಾಕಿದ್ರಿ."

"ಆಲ್ಬಮ್ಮಿಗೆ ಅಂದ್ಕೊಂಡೆ." ಅಜ್ಜಿ ಎದ್ದು ಹೋಗಿ ಫಲಕದ ಮುಂದೆ ನಿಂತಳು. "ಈ ಸುಕ್ಕು ಎಲ್ಲಾ ಅಷ್ಟು ದೊಡ್ಡದಾಗಿ ಬರುತ್ತಾ?"

"ಅದೇ ಚಿತ್ರದ ಜೀವ ಅಜ್ಜಿ. ಒಂದೊಂದು ಗೆರೆಯಲ್ಲೂ ನೀವು ಪಟ್ಟ ಕಷ್ಟ ಇದೆ."

"ನನ್ನ ತಂಗಿಗೂ ಇಷ್ಟೇ ಸುಕ್ಕಿದೆ. ಅವಳು ಜನ್ಮದಲ್ಲಿ ಒಂದು ಮೊಳೆ ಹೊಡೆದೋಳಲ್ಲ." ಅಜ್ಜಿಯ ದನಿಯಲ್ಲಿ ಕೋಪವಿರಲಿಲ್ಲ. "ನೋಡಮ್ಮ, ಮುದುಕಿ ಆಗೋದು ನನ್ನ ಕೆಲಸ ಅಲ್ಲ. ಅದು ತಾನಾಗೇ ಆಗುತ್ತೆ, ಎಲ್ಲರಿಗೂ ಆಗುತ್ತೆ. ನಾನು ಮಾಡಿದ್ದು ಬೇರೆ."

ಬಿನ್ನಾ ಕಡ್ಡಿ ಕೆಳಗಿಟ್ಟಳು. "ನಾಲ್ಕು ತಿಂಗಳು ಈ ಚಿತ್ರದ ಮೇಲೆ ಕೂತಿದೀನಿ. ಇಪ್ಪತ್ತೇಳು ಜನರ ಚಿತ್ರಗಳಲ್ಲಿ ಇದನ್ನ ಆರಿಸಿದಾರೆ. ಈಗ ಉಳಿದಿರೋದು ಆರು ದಿನ."

"ಬದಲಾಯ್ಸು ಅಂತ ನಾನು ಹೇಳ್ಲಿಲ್ಲ. ಕೇಳಿದೆ, ಅಷ್ಟೆ."

ಮಾಕ್ದಾಲ್ ಅಜ್ಜಿ ಬಾಯಿ ಹಾಕಿದಳು. "ನನ್ನ ಮುಖ ಬರೀಬಹುದಿತ್ತು. ನಂಗೆ ಸುಕ್ಕು ಕಮ್ಮಿ." ಅಕ್ಕತಂಗಿಯರು ನಕ್ಕರು, ಬಿನ್ನಾ ನಗಲಿಲ್ಲ. ಆ ಮಧ್ಯಾಹ್ನ ಅವಳು ಎಲ್ಲರಿಗಿಂತ ಮೊದಲೇ ಬುಟ್ಟಿ ಹತ್ತಿ ಸುತ್ತಿಗೆ ಹಿಡಿದಳು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಗೋಡೆ ಬರಿಮೈಯಾಗಿ ನಿಂತಿತು. ಬೂದು ಸಿಮೆಂಟಿನ ಮೇಲೆ ಬುಡದಿಂದ ತುದಿಯವರೆಗೆ ಸುತ್ತಿಗೆಯ ಸಣ್ಣ ಸಣ್ಣ ಗುರುತುಗಳು. ಸಿಹಿನೀರಿನಿಂದ ತೊಳೆದಾಯಿತು. ಇನ್ನು ಮರುದಿನದವರೆಗೆ ಮಾಡುವುದೇನೂ ಇರಲಿಲ್ಲ. ನನ್ನ ಸಾರು ಆ ದಿನವೂ ಖಾಲಿಯಾಗಿತ್ತು. ಅಂಗಡಿ ಮುಚ್ಚಿ, "ಬಾ ಅಕ್ಕ, ನಾವೂ ಉತ್ಸವ ನೋಡ್ಕೊಂಡು ಬರೋಣ" ಎಂದು ಗಿಲ್ರೆ ಅಜ್ಜಿಯನ್ನು ಕರೆದುಕೊಂಡು ಹೊರಟೆ.

ಬಿಸಿಲು ಹದವಾಗಿತ್ತು. ಹಗ್ಗದ ಅಂಗಡಿಯ ಗೋಡೆಯ ಮೇಲೆ ಗಂಡಹೆಂಡತಿ ಇಬ್ಬರು ಮುಖಕ್ಕೆ ಮುಸುಕು ಕಟ್ಟಿಕೊಂಡು ಸ್ಪ್ರೇ ಡಬ್ಬಿ ಅಲ್ಲಾಡಿಸುತ್ತಾ ಕಡಲಕಾಗೆಗಳ ಹಿಂಡನ್ನೇ ಹಾರಿಸುತ್ತಿದ್ದರು. ಮೆಟ್ಟಿಲ ಬೀದಿಯಲ್ಲಿ ಒಬ್ಬ ಬೋಳುತಲೆಯವನು ಪ್ರತಿ ಮೆಟ್ಟಿಲಿಗೂ ಒಂದೊಂದು ಪಟ್ಟಿ ಬಳಿಯುತ್ತಿದ್ದ. ಹತ್ತಿರ ನಿಂತರೆ ಏನೂ ತಿಳಿಯುವುದಿಲ್ಲ, ಕೆಳಗಿಳಿದು ನೋಡಿದರೆ ಅಲೆಯೆದ್ದ ಕಡಲು. ಜನ ಕತ್ತೆತ್ತಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಗಿಲ್ರೆ ಅಜ್ಜಿ ಮೊದಲು ಗೋಡೆ ಮುಟ್ಟುತ್ತಿದ್ದಳು, ಆಮೇಲೆ ಚಿತ್ರ ನೋಡುತ್ತಿದ್ದಳು. "ಇದು ಗಟ್ಟಿ." "ಇದು ಐದು ವರ್ಷ." ಬೋಳುತಲೆಯವನಿಗೆ, "ನೀನು ಹಂಗೆ ಸೊಂಟ ಬಗ್ಗಿಸ್ಬೇಡ, ಮಂಡಿ ಊರು. ಇಲ್ಲಾಂದ್ರೆ ಐವತ್ತಕ್ಕೆ ಏಳಕ್ಕಾಗಲ್ಲ" ಎಂದಳು. ಅವನು ಮಂಡಿ ಊರಿದ.

ಐಸ್ ಕಾರ್ಖಾನೆಯ ಗೋಡೆಯ ಮೇಲೆ ಜಪಾನಿನಿಂದ ಬಂದವನೊಬ್ಬ ದೊಡ್ಡ ಆಕ್ಟೋಪಸ್ ಬರೆಯುತ್ತಿದ್ದ. ಅದರ ಎದುರಿಗೆ, ಕಡಲಿನ ಕಟ್ಟೆಯ ಮೇಲೆ ಬಿನ್ನಾ ಕೂತಿದ್ದಳು. ನಮ್ಮನ್ನು ನೋಡಿ ಎದ್ದಳು.

"ಅಜ್ಜಿ, ಬೆಳಗಿನಿಂದ ಒಂದೇ ಯೋಚನೆ. ಗೋಡೆ ಬೆತ್ತಲೆಯಾದ ಮೇಲೆ ಅದರ ಮೇಲೆ ಆ ಮುಖ ಇಟ್ಟು ನೋಡ್ತೀನಿ, ನೋಡ್ತೀನಿ, ಕೂರ್ತಾ ಇಲ್ಲ." ಚೀಲದಿಂದ ಚಿತ್ರ ಬರೆಯುವ ಪುಸ್ತಕ ತೆಗೆದು ಕೇಳಿದಳು. "ಹಲಗೆ ಮೇಲೆ ನೀವು ಹೇಗೆ ಕೂರ್ತಿದ್ರಿ?"

ಗಿಲ್ರೆ ಅಜ್ಜಿ ಕಟ್ಟೆಯ ಅಂಚಿಗೆ ಹೋಗಿ, ಕೈಯೂರಿ ಕೂತು, ಎರಡೂ ಕಾಲನ್ನು ನೀರಿನ ಮೇಲೆ ಇಳಿಬಿಟ್ಟಳು. ನಾನು ಹಿಡಿದುಕೊಳ್ಳಲು ಹೋದರೆ ನನ್ನ ಕೈ ತಳ್ಳಿದಳು. ಕೊರಳಿನ ಟವೆಲ್ಲನ್ನು ಮೂಗಿನವರೆಗೆ ಎಳೆದುಕೊಂಡಳು, ಟೋಪಿಯನ್ನು ಹುಬ್ಬಿನವರೆಗೆ ಇಳಿಸಿದಳು. ಬರೀ ಕಣ್ಣು ಉಳಿದವು. ಎಡ ಮೊಣಕೈಯನ್ನು ಕಾಣದ ಹಗ್ಗಕ್ಕೆ ಸುತ್ತಿಸಿ, ಬಲಗೈ ಎತ್ತಿದಳು. ಬೆನ್ನು ನೆಟ್ಟಗಾಯಿತು. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ ಅವಳನ್ನು. ಆ ಬೆನ್ನನ್ನು ನಾನು ಮರೆತೇಬಿಟ್ಟಿದ್ದೆ.

"ಮುಖ ಯಾರಿಗೂ ಕಾಣ್ತಿರ್ಲಿಲ್ಲ," ಎಂದಳು ಟವೆಲ್ಲಿನ ಒಳಗಿಂದ. "ಮುಚ್ಕೊಳ್ದಿದ್ರೆ ತುಕ್ಕಿನ ಪುಡಿ ಬಾಯಿಗೆ ಹೋಗೋದು. ನಮ್ಮ ಗಂಡಂದಿರು ಕೆಳಗಡೆಯಿಂದ ನಮ್ಮನ್ನ ಬೆನ್ನು ನೋಡೇ ಗುರುತು ಹಿಡೀತಿದ್ರು."

ಬಿನ್ನಾ ನೆಲದ ಮೇಲೆ ಕೂತು ಪುಸ್ತಕ ತೆರೆದಿದ್ದಳು. ಅವಳ ಪೆನ್ಸಿಲ್ ಓಡುತ್ತಿತ್ತು. "ಎಷ್ಟು ಜನ ಕೂರ್ತಿದ್ರಿ ಒಂದು ಹಲಗೆಗೆ?"

"ಐದು. ನಾನು, ಮಾಕ್ದಾಲ್ ಅಕ್ಕ, ಆ ಅಕ್ಕತಂಗಿಯರಿಬ್ಬರು, ಜೊಮ್‌ಸುನ್."

"ಜೊಮ್‌ಸುನ್ ಅಂದ್ರೆ ಯಾರು?"

"ಬಿದ್ದೋದ್ಲು. ಹಗ್ಗ ಕಿತ್ತು." ಅಜ್ಜಿ ಕೈ ಇಳಿಸಲಿಲ್ಲ. "ಮೂವತ್ತೆರಡು ವರ್ಷ ಅವಳಿಗೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಹಾಡ್ತಿದ್ಲು. ಆ ಸದ್ದಲ್ಲಿ ಯಾರಿಗೂ ಕೇಳಿಸ್ತಿರ್ಲಿಲ್ಲ, ಆದ್ರೂ ಹಾಡ್ತಿದ್ಲು."

ಬಿನ್ನಾ ಹಾಳೆ ತಿರುಗಿಸಿ ಮತ್ತೊಂದು ಬರೆದಳು, ಮತ್ತೊಂದು. ಅಜ್ಜಿಯನ್ನು ಕಟ್ಟೆಯಿಂದ ಎಬ್ಬಿಸಲು ಕೊನೆಗೆ ನಾವಿಬ್ಬರೂ ಕೈ ಹಿಡಿಯಬೇಕಾಯಿತು.

ಬುಧವಾರ ಬೆಳಿಗ್ಗೆ ಬಿನ್ನಾ ಹೊಸ ನಮೂನೆ ತಂದು ನನ್ನ ಮೇಜಿನ ಮೇಲೆ ಹರಡಿದಾಗ ಮಾ ಚಾಂಗ್‌ಮೊ ತಲೆಯ ಮೇಲೆ ಕೈ ಹೊತ್ತು ಕೂತ. ಸಮಿತಿ ಒಪ್ಪಿದ್ದು ಬೇರೆ, ಪೋಸ್ಟರಿನಲ್ಲಿ ಅಚ್ಚಾಗಿದ್ದು ಬೇರೆ, ಹೊಸದಕ್ಕೆ ಒಪ್ಪಿಗೆ ಬರಲು ಎರಡು ವಾರ ಬೇಕು. "ನನ್ನ ಕೊಲ್ತೀರಾ ನೀವು" ಎಂದ. ನಾನು ಅವನ ಮುಂದೆ ಒಂದು ಬಟ್ಟಲು ನೂಡಲ್ಸ್ ಇಟ್ಟೆ. ಉಣ್ಣುತ್ತಾ ಉಣ್ಣುತ್ತಾ ಅವನು ಕರಾರಿನ ಹಾಳೆಗಳನ್ನು ತಿರುವುತ್ತಾ ಹೋದ. ಒಂದು ಕಡೆ ನಿಂತು, ಎರಡು ಸಲ ಓದಿ, ಬಾಯಿ ಒರೆಸಿಕೊಂಡ.

"ಇಲ್ಲಿ ಬರೆದಿರೋದು ಇಷ್ಟೇ. 'ಈ ಊರಿನಲ್ಲಿ ದುಡಿದ ಹೆಂಗಸಿನ ಚಿತ್ರ.' ಮುಖ ಅಂತ ಎಲ್ಲೂ ಇಲ್ಲ. ಮುಂದಿನಿಂದಲೋ ಹಿಂದಿನಿಂದಲೋ ಅಂತಾನೂ ಇಲ್ಲ." ಬಿನ್ನಾಳ ಕಡೆ ನೋಡಿದ. "ಒಬ್ಬಳ ಬದಲು ಐದು ಜನ ಬಂದ್ರೆ ಸಮಿತಿಗೆ ಲಾಭವೇ ಅಲ್ವಾ. ನಾನು ಏನೂ ನೋಡಿಲ್ಲ. ನೀವು ಶುರು ಮಾಡಿ."

ಹೋಗುವ ಮುಂಚೆ ಆ ಫಲಕವನ್ನು ತಾನೇ ಎತ್ತಿಕೊಂಡು ಹೋದ.

ಆಮೇಲಿನ ನಾಲ್ಕು ದಿನ ನಾನು ಸಾರು ಎರಡು ಸಲ ಉಕ್ಕಿಸಿದೆ, ಒಮ್ಮೆ ತಳ ಹಿಡಿಸಿದೆ. ಗೋಡೆಯಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ. ಮೊದಲು ಹಡಗಿನ ಹೊಟ್ಟೆ ಬಂತು. ಗೋಡೆಯ ಈ ಅಂಚಿನಿಂದ ಆ ಅಂಚಿಗೆ ಬಾಗಿಕೊಂಡು, ಕೆಳಗೆ ನಿಂತರೆ ನಮ್ಮ ಮೇಲೇ ಬೀಳುತ್ತದೇನೋ ಎನ್ನುವಷ್ಟು ದೊಡ್ಡದು. ಅದರ ಮೇಲೆ ತುಕ್ಕು. ತುಕ್ಕಿನಲ್ಲಿ ಇಷ್ಟೊಂದು ಬಣ್ಣವಿದೆ ಎಂದು ನನಗೆ ಗೊತ್ತಿರಲಿಲ್ಲ, ಅಜ್ಜಿಯರಿಗೆ ಗೊತ್ತಿತ್ತು. ಬಿನ್ನಾ ಬುಟ್ಟಿಯಿಂದ ಬಗ್ಗಿ ಕೇಳುವಳು, ನಾಲ್ವರೂ ಕೆಳಗಿಂದ ಒಟ್ಟಿಗೆ ಕೂಗುವರು.

"ಅಲ್ಲಿ ಕಪ್ಪು ಜಾಸ್ತಿಯಾಯ್ತು. ಅದು ಹಳೇ ತುಕ್ಕು, ನೀರೊಳಗಿನದು. ಮೇಲಿಂದು ಕೆಂಪಗಿರುತ್ತೆ."

"ಹಾಗಾ?"

"ಕುಂಬಳಕಾಯಿ ಕೊಳೆತ ಹಂಗೆ."

ತುಕ್ಕು ಕೆರೆದ ಜಾಗಕ್ಕೆ ಸಿಂಧೂರದ ಬಣ್ಣ ಬಳಿಯುತ್ತಿದ್ದರಂತೆ, ಮತ್ತೆ ತುಕ್ಕು ಹಿಡಿಯದಿರಲು. ಅದನ್ನು ಬಿನ್ನಾ ಮೂರು ಸಲ ಬೆರೆಸಿದರೂ ಗಿಲ್ರೆ ಅಜ್ಜಿ ಒಪ್ಪಲಿಲ್ಲ. ನಾಲ್ಕನೆಯ ಸಲ, "ಹೂಂ, ಇದೇ. ಇದೇ ನನ್ನ ಉಗುರಲ್ಲಿ ಇರ್ತಿದ್ದದ್ದು" ಎಂದಳು. ಚಿತ್ರದಲ್ಲಿ ಹೆಂಗಸರು ಕೂರುವ ಹಲಗೆಯ ಕೆಳಗೆ ಒಂದು ಅಗಲವಾದ ಪಟ್ಟಿಯನ್ನು ಬಿನ್ನಾ ಬಣ್ಣ ಹಚ್ಚದೆ ಬಿಟ್ಟಳು. ಅಜ್ಜಿಯರು ಕೆರೆದ ಗೋಡೆ, ಅವರ ಏಟಿನ ಗುರುತು, ಇದ್ದದ್ದು ಇದ್ದ ಹಾಗೇ. ದೂರದಿಂದ ನೋಡಿದರೆ ಹಡಗಿನ ಮೈಯೇ ಅಲ್ಲಿ ಹಸನಾಗಿ ಹೊರಗೆ ಬಂದಂತಿತ್ತು.

ಶುಕ್ರವಾರ ಹಲಗೆಯ ಮೇಲೆ ಐದು ಬೆನ್ನುಗಳು ಬಂದವು, ಮನೆಯಷ್ಟು ಎತ್ತರ. ಕೂಡಲೇ ಜಗಳ ಶುರುವಾಯಿತು.

"ಆ ಅಗಲದ್ದು ನಂದು," ಎಂದಳು ಮಾಕ್ದಾಲ್ ಅಜ್ಜಿ.

"ನಿಂದು ಯಾವಾಗ ಅಷ್ಟು ಅಗಲ ಇತ್ತು? ಒಣಮೀನು ಇದ್ದಂಗಿದ್ದೆ. ಅದು ನಂದು," ಎಂದಳು ಅಕ್ಕತಂಗಿಯರಲ್ಲಿ ದೊಡ್ಡವಳು.

"ಕೇಳೋಣ ಆ ಹುಡುಗೀನ."

ಬಿನ್ನಾ ಬುಟ್ಟಿಯಿಂದ ಇಣುಕಿ, "ನೀವೇ ಮಾತಾಡಿಕೊಂಡು ಹೇಳಿ, ಹಾಗೇ ಬರೀತೀನಿ" ಎಂದಳು. ಸಂಜೆಯಾದರೂ ತೀರ್ಮಾನವಾಗಲಿಲ್ಲ. ಆದರೆ ಬಲತುದಿಯ ಬೆನ್ನು ಯಾರದು ಎನ್ನುವುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಅದರ ತಲೆ ಸ್ವಲ್ಪ ಮೇಲಕ್ಕೆ ಎತ್ತಿತ್ತು, ಹಾಡುವವರ ಹಾಗೆ. ಬಿನ್ನಾ ಅದನ್ನು ಬರೆಯುವಾಗ ಅಕ್ಕತಂಗಿಯರಲ್ಲಿ ಚಿಕ್ಕವಳು, "ಅವಳ ಟವೆಲ್ ಹಳದಿ" ಎಂದಳು. ಟವೆಲ್ ಹಳದಿಯಾಯಿತು.

ನಡುವಿನವಳು ಗಿಲ್ರೆ. ಅವಳೊಬ್ಬಳೇ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ಬೀದಿಯನ್ನು ನೋಡುತ್ತಿದ್ದಾಳೆ. ಟೋಪಿ ಮತ್ತು ಟವೆಲ್ಲಿನ ನಡುವೆ ಎರಡು ಕಣ್ಣು. ಆ ಹಲಗೆಯ ಕಾಲದ, ಮೂವತ್ತನಾಲ್ಕರ ಕಣ್ಣು. ಸುತ್ತಿಗೆ ಮೇಲೆತ್ತಿದೆ, ಇನ್ನೂ ಬಿಟ್ಟಿಲ್ಲ.

ಭಾನುವಾರ ಉತ್ಸವದ ಕೊನೆಯ ದಿನ. ಲಿಫ್ಟ್ ಗಾಡಿಯನ್ನು ತೆಗೆದರು. ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾಷಣಕ್ಕೆ ಬಂದ ದೊಡ್ಡವರನ್ನು ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಅಜ್ಜಿಯರನ್ನು ಪಕ್ಕಕ್ಕೆ ನಿಲ್ಲಿ ಎಂದರು. ಮಾ ಚಾಂಗ್‌ಮೊ ಎಲ್ಲಿಂದಲೋ ನುಗ್ಗಿ ಬಂದು, "ಕ್ಷಮಿಸಿ, ಪಟ್ಟಿಯ ಪ್ರಕಾರ ಈ ಗೋಡೆಯ ಕೆಲಸದವರು ನಡುವೆ ನಿಲ್ಲಬೇಕು" ಎಂದು ಕಾಗದದ ಹಲಗೆ ತೋರಿಸಿದ. ಆ ಹಾಳೆಯಲ್ಲಿ ಹಾಗೇನೂ ಬರೆದಿರಲಿಲ್ಲ, ನಾನು ಹಿಂದಿನಿಂದ ನೋಡಿದೆ. ದೊಡ್ಡವರು ಸರಿದರು. ಮಾಕ್ದಾಲ್ ಅಜ್ಜಿ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದಳು.

ಮಧ್ಯಾಹ್ನ ಗಿಲ್ರೆ ಅಜ್ಜಿಯ ಮಗಳು ಮಿಯೊಕ್ ಸೇತುವೆ ದಾಟಿ ಬಂದಳು. ಅವಳು ಆ ದಡದ ಮೀನು ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟವಳು; ಭಾನುವಾರ ಅವರಿಗೆ ತುಂಬ ವ್ಯಾಪಾರ. ಆದರೂ ಎರಡು ಗಂಟೆ ಅಂಗಡಿ ಮುಚ್ಚಿ, ಅಕ್ಕಪಕ್ಕದ ಮೂವರು ಹೆಂಗಸರನ್ನು ಕರೆದುಕೊಂಡು ರಬ್ಬರ್ ಬೂಟಿನಲ್ಲೇ ಬಂದಿದ್ದಳು. ಗೋಡೆಯ ಎದುರಿಗೆ ನಿಂತು ಮೇಲಿನವರೆಗೆ ನೋಡಿದಳು. ಅವಳಿಗೂ ಐವತ್ತು ದಾಟಿದೆ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟು ಬಂದು ಹಡಗಿನ ಕೆಳಗೆ ನಿಂತು "ಅಮ್ಮಾ" ಎಂದು ಕೂಗುತ್ತಿದ್ದಳು. ಆ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ, ಅಮ್ಮ ತಾನಾಗಿ ತಿರುಗುವವರೆಗೆ ಕಾಯುತ್ತಿದ್ದಳು.

"ನೋಡ್ರೇ," ಎಂದಳು ಜೊತೆಯ ಹೆಂಗಸರಿಗೆ. "ನಡುವೆ ಇರೋದು ನಮ್ಮಮ್ಮ."

ಗಿಲ್ರೆ ಅಜ್ಜಿ ಹಿಂದಿನಿಂದ ಬಂದು ಮಗಳ ಏಪ್ರನ್ನಿನ ಗಂಟು ಸರಿಮಾಡಿದಳು. "ಊಟ ಮಾಡಿದ್ಯಾ?"

"ಎಲ್ಲಿ ಬಂತಮ್ಮ ಊಟ."

"ಬಾ, ಸೊಂಗ್‌ಜಾ ಸಾರು ತೆಗೆದಿಟ್ಟಿದಾಳೆ."

ಅವರೆಲ್ಲ ಹೊರಗಿನ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ರಾಜಧಾನಿ ಸಿಯೋಲ್ ನಗರದಿಂದ ಬಂದಿದ್ದ ದಂಪತಿಗಳಿಬ್ಬರು ಪಕ್ಕದಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ಹೆಂಗಸು ಗಿಲ್ರೆ ಅಜ್ಜಿಯನ್ನು, ಗೋಡೆಯನ್ನು, ಮತ್ತೆ ಅಜ್ಜಿಯನ್ನು ನೋಡಿ ಬಗ್ಗಿ ಕೇಳಿದಳು, "ಅಜ್ಜಿ, ನೀವು ಏನು ಕೆಲಸ ಮಾಡ್ತಿದ್ರಿ?"

ಈ ಪ್ರಶ್ನೆಯನ್ನು ಬೇರೆಯವರು ಕೇಳಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಿರಿಯರ ಮನೆಗೆ ಬರುವ ನರ್ಸಮ್ಮ, ಮೊಮ್ಮಗನ ಮದುವೆಯಲ್ಲಿ ಬೀಗರು. ಏನೋ ಕಸಗುಡಿಸುವ ಕೆಲಸ, ಹಡಗಿನ ಅಂಗಳದಲ್ಲಿ ಅದೂ ಇದೂ ಎಂದು ಅಜ್ಜಿ ಮಾತು ಹಾರಿಸುತ್ತಿದ್ದಳು.

"ಹಡಗು ರಿಪೇರಿ," ಎಂದಳು ಈಗ. ಬಟ್ಟಲು ಕೆಳಗಿಟ್ಟು ಇನ್ನೂ ಗಟ್ಟಿಯಾಗಿ ಹೇಳಿದಳು. "ಈ ದಡಕ್ಕೆ ಬಂದ ಒಂದು ಹಡಗೂ ನಮ್ಮ ಕೈ ಬೀಳದೆ ವಾಪಸು ಕಡಲಿಗೆ ಹೋಗ್ಲಿಲ್ಲ. ಕೂತ್ಕೊ, ಹೇಳ್ತೀನಿ."

ಹೆಂಗಸು ಕೂತಳು. ಗಂಡನಿಗೆ ಜಾಗವಿರಲಿಲ್ಲ, ನಿಂತೇ ಕೇಳಿದ. ನಾನು ಒಳಗೆ ಹೋಗಿ ಇನ್ನೆರಡು ಬಟ್ಟಲಿಗೆ ಎಳೆ ಹಾಕಿದೆ. ಅಜ್ಜಿಯ ದನಿ ಅಡಿಗೆ ಒಲೆಯವರೆಗೂ ಕೇಳುತ್ತಿತ್ತು.